ಚಿಂಚಿಲ್ಲಾ ಕಚ್ಚುವುದನ್ನು ಬಿಡಿಸಲು ಕಹಿ ಸ್ಪ್ರೇ: ಕೊಳ್ಳಬೇಕೇ?

ಸಾಕುಪ್ರಾಣಿಗಳ ಕಚ್ಚುವ ಚಾಳಿಯನ್ನು ಬಿಡಿಸುತ್ತದೆ ಎಂಬ ಭರವಸೆಯೊಂದಿಗೆ ಮಾರಾಟವಾಗುವ ಕಹಿ ಸ್ಪ್ರೇಯೊಂದನ್ನು ನಮ್ಮ ಮನೆಯ ಹೆಣ್ಣು ಚಿಂಚಿಲ್ಲಾಕ್ಕಾಗಿ (ಇಲಿ, ಅಳಿಲುಗಳಂತೆ ದಂಶಕ ಗುಂಪಿಗೆ ಸೇರಿದ, ದಟ್ಟ ತುಪ್ಪಳದ ಪುಟ್ಟ ಪ್ರಾಣಿ) ತರಿಸಿ, ಕೆಲವು ವಾರ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾಯಿಮರಿ, ಮೊಲ, ಗಿನಿಪಿಗ್, ಚಿಂಚಿಲ್ಲಾ ಎಲ್ಲವೂ ಒಂದೇ ಬಾಟಲಿಯ ಮೇಲೆ ಸಾಲಾಗಿ ಕುಳಿತಿವೆ. ನನ್ನ ಆಕ್ಷೇಪ ಶುರುವಾಗುವುದೇ ಅಲ್ಲಿಂದ.

ಇದರಲ್ಲಿರುವ ಕಹಿ ಪದಾರ್ಥ ಡೆನಟೋನಿಯಂ ಬೆಂಜೊಯೇಟ್. ಉಗುರು ಕಚ್ಚುವ ಮಕ್ಕಳ ಬೆರಳಿಗೆ ಹಚ್ಚುವ ದ್ರವದಲ್ಲೂ, ಯಾರೂ ಕುಡಿಯಬಾರದೆಂದು ಕೈಗಾರಿಕಾ ಸ್ಪಿರಿಟ್‌ನಲ್ಲೂ ಬೆರೆಸುವುದು ಇದನ್ನೇ. ಕಹಿಯ ವಿಷಯದಲ್ಲಿ ಕಂಪನಿ ಸುಳ್ಳು ಹೇಳಿಲ್ಲ: ಸೋಪು ಹಾಕಿ ಕೈ ತೊಳೆದ ಮೇಲೂ ಆ ದಿನ ನಾನು ತಿಂದದ್ದೆಲ್ಲ ಕಹಿಯಾಗಿತ್ತು.

ಪ್ರಶ್ನೆ ಇರುವುದು ಆ ಕಹಿ ಯಾರಿಗೆ ಏನು ಕಲಿಸುತ್ತದೆ ಎಂಬುದರಲ್ಲಿ. ಚಿಂಚಿಲ್ಲಾ ಹೊಸ ವಸ್ತುವನ್ನು ಪರಿಚಯ ಮಾಡಿಕೊಳ್ಳುವುದೇ ಬಾಯಿಯಿಂದ. ಬೆರಳು ಚಾಚಿದರೆ ಮೊದಲು ಮೀಸೆಯಾಡಿಸಿ ಮೂಸುತ್ತದೆ, ಬಳಿಕ ಕಿತ್ತಳೆ ಬಣ್ಣದ ಬಾಚಿಹಲ್ಲನ್ನು ಉಗುರಿನ ಅಂಚಿಗೆ ಹಗುರವಾಗಿ ತಾಗಿಸಿ, ಇದು ತಿನ್ನುವಂಥದ್ದೋ ಅಲ್ಲವೋ ಎಂದು ನೋಡುತ್ತದೆ. (ಆ ಕಿತ್ತಳೆ ಬಣ್ಣ ಆರೋಗ್ಯದ ಲಕ್ಷಣ, ಅದನ್ನು ಕೊಳೆ ಎಂದುಕೊಂಡು ಗಾಬರಿಯಾಗಬೇಕಿಲ್ಲ.) ಸ್ಪ್ರೇ ಹಚ್ಚಿದ ಬೆರಳನ್ನು ನಮ್ಮದು ಹೀಗೆಯೇ ಮುಟ್ಟಿ, ಮುಂಗಾಲುಗಳೆರಡರಿಂದಲೂ ಬಾಯಿ ಉಜ್ಜಿಕೊಳ್ಳುತ್ತ ಮೇಲಿನ ಹಲಗೆಗೆ ಜಿಗಿಯಿತು. ಕಚ್ಚುವುದು ನಿಂತಿತು, ನಿಜ. ಆದರೆ ಮಾರನೆಯ ದಿನ ಏನೂ ಹಚ್ಚದ ಕೈ ಚಾಚಿದಾಗಲೂ ಅದು ಹತ್ತಿರ ಸುಳಿಯಲಿಲ್ಲ.

ಹೆದರಿ ಕಚ್ಚುವುದರ ಮುಂದೆ ಸ್ಪ್ರೇ ಇನ್ನೂ ನಿಷ್ಪ್ರಯೋಜಕ, ಏಕೆಂದರೆ ಕಹಿ ನಾಲಿಗೆಗೆ ತಿಳಿಯುವ ಹೊತ್ತಿಗೆ ಹಲ್ಲು ಚರ್ಮಕ್ಕಿಳಿದಿರುತ್ತದೆ. ಆಂಡೀಸ್ ಪರ್ವತಗಳ ಬಂಡೆಸಂದುಗಳಲ್ಲಿ ಬಾಳಿದ ಈ ದಂಶಕಕ್ಕೆ, ಮೇಲಿನಿಂದ ಇಳಿದುಬರುವ ಕೈ ಎರಗುವ ಹದ್ದಿನ ಹಾಗೆಯೇ. ಹಾಗೆಂದು ಅದು ಏಕಾಏಕಿ ಕಚ್ಚುವುದು ಕಡಿಮೆ: ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ, ಕರ್ಕಶವಾಗಿ ಕೂಗುತ್ತದೆ, ಹೆಣ್ಣಾದರೆ ಮೂತ್ರವನ್ನು ಗುರಿಯಿಟ್ಟು ಚಿಮ್ಮಿಸುವುದೂ ಉಂಟು. ಈ ಎಚ್ಚರಿಕೆಗಳನ್ನು ಲೆಕ್ಕಿಸದೆ ಕೈಯನ್ನು ಮುಂದೊತ್ತಿದರೆ ಕಡಿತ ಬೀಳುತ್ತದೆ. ಬಿಗಿಯಾಗಿ ಹಿಡಿದರಂತೂ ಹಿಡಿದ ಜಾಗದ ಕೂದಲನ್ನೇ ಉದುರಿಸಿ ತಪ್ಪಿಸಿಕೊಳ್ಳುತ್ತದೆ.

ಸ್ಪ್ರೇ ಬದಿಗಿಟ್ಟ ಮೇಲೆ ನಮಗೆ ಫಲ ಕೊಟ್ಟದ್ದು ಕೈಯ ರೀತಿಯನ್ನು ಬದಲಿಸಿಕೊಂಡದ್ದು. ಪಂಜರದ ಸರಳುಗಳ ನಡುವೆ ಬೆರಳು ತೂರಿಸುವುದನ್ನು ನಿಲ್ಲಿಸಿ, ಬಾಗಿಲು ತೆರೆದು, ಅಂಗೈಯನ್ನು ಪಕ್ಕದಿಂದ, ನೆಲಮಟ್ಟದಲ್ಲಿ ಚಪ್ಪಟೆಯಾಗಿ ಇಟ್ಟು, ಅದಾಗಿಯೇ ಹತ್ತುವವರೆಗೆ ಕಾಯುವುದು. ಇದನ್ನೂ ಅದು ನಿದ್ದೆಯಲ್ಲಿರುವ ಹಗಲಿನಲ್ಲಿ ಮಾಡದೆ, ಎಚ್ಚೆತ್ತು ಓಡಾಡುವ ಸಂಜೆಯ ಹೊತ್ತಿನಲ್ಲಿ ಮಾಡುವುದು. ಹಲ್ಲು ಜೋರಾಗಿ ಊರಿದಾಗ ಕೈಯನ್ನು ಸರಕ್ಕನೆ ಎಳೆದುಕೊಂಡರೆ ಗಾಯ ದೊಡ್ಡದಾಗುವುದಲ್ಲದೆ, ಕಚ್ಚಿದರೆ ಕೈ ಓಡುತ್ತದೆ ಎಂಬ ಪಾಠವೂ ಅದಕ್ಕೆ ಸಿಗುತ್ತದೆ. ಒಮ್ಮೆ ಗಟ್ಟಿಯಾಗಿ "ಊಹೂಂ" ಎಂದು, ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡರೆ ಸಾಕು. ಮೂಗಿಗೆ ತಟ್ಟುವುದು, ಮುಖಕ್ಕೆ ಊದುವುದು ಖಂಡಿತ ಬೇಡ. ಇವು ಭಯವನ್ನಷ್ಟೇ ಹೆಚ್ಚಿಸುತ್ತವೆ.

ಬಾಟಲಿಯ ಜೊತೆಗಿನ ಚೀಟಿಯಲ್ಲಿ, ಪ್ರಾಣಿ ತನ್ನ ಕೂದಲನ್ನೇ ಕಡಿಯುತ್ತಿದ್ದರೆ ಮೈಗೂ ಸಿಂಪಡಿಸಬಹುದು ಎಂದಿದೆ. ಚಿಂಚಿಲ್ಲಾದ ಮಟ್ಟಿಗೆ ಇದು ಕೆಟ್ಟ ಸಲಹೆ. ಒಂದೊಂದು ರಂಧ್ರದಿಂದ ಹತ್ತಾರು ಕೂದಲು ಹೊಮ್ಮುವ ಆ ದಟ್ಟ ತುಪ್ಪಳಕ್ಕೆ ತೇವ ಸೇರಿದರೆ ಬೇಗ ಆರುವುದಿಲ್ಲ, ಶಿಲೀಂಧ್ರ ಹಿಡಿಯುವ ಅಪಾಯವಿದೆ. ಅದಕ್ಕೆ ಸ್ನಾನವೆಂದರೆ ನುಣ್ಣನೆಯ ಧೂಳಿನಲ್ಲಿ ಹೊರಳುವುದೇ ಹೊರತು ನೀರಲ್ಲ. ಅಲ್ಲದೆ, ಸದಾ ಸೌಮ್ಯವಾಗಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ, ಗಲ್ಲ ಒದ್ದೆಯಾಗಿದ್ದು ಜೊಲ್ಲು ಸುರಿಯುತ್ತಿದ್ದರೆ ಅಥವಾ ಒಣಹುಲ್ಲನ್ನು ಬಿಟ್ಟುಬಿಟ್ಟಿದ್ದರೆ, ಅದು ಹಲ್ಲುನೋವಿರಬಹುದು. ಇದರ 20 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಸವೆತ ಸಾಲದೆ ಅವು ಅಡ್ಡಾದಿಡ್ಡಿ ಬೆಳೆದಾಗ ಬೇಕಾದದ್ದು ಪಶುವೈದ್ಯರೇ. ಆ ಸ್ಥಿತಿಯಲ್ಲಿ ಕಹಿ ಸಿಂಪಡಿಸುತ್ತ ಕೂತರೆ ಚಿಕಿತ್ಸೆ ತಡವಾಗುತ್ತದೆ, ಅಷ್ಟೆ.

ಮೇಜಿನ ಕಾಲು, ಬಾಗಿಲ ಚೌಕಟ್ಟುಗಳ ಮೇಲೆ ಇದು ತಕ್ಕಮಟ್ಟಿಗೆ ಕೆಲಸ ಮಾಡಿತು, ಆದರೆ ಮತ್ತೆ ಮತ್ತೆ ಹೊಡೆಯುತ್ತಿರಬೇಕು. ಅದೇ ಹಣಕ್ಕೆ ಔಷಧ ಸಿಂಪಡಿಸದ ಸೇಬು ಅಥವಾ ವಿಲ್ಲೋ ಮರದ ಒಣಕಡ್ಡಿಗಳನ್ನು ತಂದು ಪಂಜರದಲ್ಲಿಟ್ಟರೆ ಹಲ್ಲಿಗೂ ಕೆಲಸ ಸಿಗುತ್ತದೆ. ಐದಕ್ಕೆ ಎರಡು ಅಂಕ ಕೊಡುತ್ತೇನೆ, ಅದೂ ಪೀಠೋಪಕರಣದ ಲೆಕ್ಕದಲ್ಲಿ. ಕರೆಂಟಿನ ವೈರುಗಳ ವಿಷಯದಲ್ಲಿ ಮಾತ್ರ ಈ ಬಾಟಲಿಯನ್ನು ನಂಬದೆ, ಅವನ್ನು ಗಟ್ಟಿ ಪೈಪಿನೊಳಗೆ ತೂರಿಸಿ, ಚಿಂಚಿಲ್ಲಾ ಓಡಾಡುವ ಜಾಗದಿಂದ ದೂರವಿಡಿ.