ದಿ ಎನಿಮಿ ಬಿಲೋ: ಸೇರಿಗೆ ಸವ್ವಾಸೇರು ಅಂದರೆ ಇದೇ

ಯುದ್ಧದ ಸಿನಿಮಾ ಅಂದರೆ ಬರೀ ಢಂ ಢುಂ ಅಂತ ಮೂಗು ಮುರಿಯುವವರಿಗೆ ನಾನು ಮೊದಲು ತೋರಿಸೋದು 1957ರ ಈ ಹಾಲಿವುಡ್ ಸಿನಿಮಾ. ನಿರ್ದೇಶನ ಡಿಕ್ ಪೊವೆಲ್ ಅವರದು. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡನೇ ಮಹಾಯುದ್ಧದ ಕಾಲ, ದಕ್ಷಿಣ ಅಟ್ಲಾಂಟಿಕ್. ಮೇಲೆ ಅಮೆರಿಕದ ಯುದ್ಧನೌಕೆ, ಕೆಳಗೆ ಜರ್ಮನ್ ಸಬ್‌ಮರೀನ್. ಹಡಗಿನ ಕ್ಯಾಪ್ಟನ್ ಮರೆಲ್ (ರಾಬರ್ಟ್ ಮಿಚಮ್) ಹೊಸದಾಗಿ ಬಂದವನು. ಕ್ಯಾಬಿನ್ ಬಿಟ್ಟು ಹೊರಗೇ ಬರಲ್ಲ ಅಂತ ಹಡಗಿನ ಹುಡುಗರು ಆಡಿಕೊಳ್ಳುತ್ತಿರುತ್ತಾರೆ. ಕೆಳಗಿನ ಕ್ಯಾಪ್ಟನ್ ಫಾನ್ ಸ್ಟೋಲ್‌ಬರ್ಗ್ (ಕರ್ಟ್ ಯೂರ್ಗೆನ್ಸ್) ಮೊದಲನೇ ಮಹಾಯುದ್ಧದಲ್ಲೂ ಕಾದಾಡಿದ ಹಳೇ ಹುಲಿ. ಹಿಟ್ಲರನ ಆಡಳಿತ ಕಂಡರೆ ಅವನಿಗೆ ಆಗದು. ಸಬ್‌ಮರೀನ್ ಒಳಗಿರೋ ನಾಜಿ ಘೋಷಣೆಯ ಮೇಲೆ ಒಂದು ಬಟ್ಟೆ ನೇತುಹಾಕಿ ಮುಚ್ಚಿಬಿಡುತ್ತಾನೆ. ಭಾಷಣ ಗೀಷಣ ಏನೂ ಬೇಕಾಗಲ್ಲ, ಆಳು ಎಂಥವನು ಅಂತ ಅಲ್ಲೇ ಗೊತ್ತಾಗುತ್ತೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಇವನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುತ್ತಾನೆ. ಮರೆಲ್ ಬೇಕಂತಲೇ ನೇರ ದಾರಿಯಲ್ಲಿ ಹೋಗಿ ಆಸೆ ಹುಟ್ಟಿಸಿ, ಟಾರ್ಪೆಡೊ ಬಿಡೋ ಹೊತ್ತಿಗೆ ಸರಿಯಾಗಿ ಹಡಗು ತಿರುಗಿಸಿ ತಪ್ಪಿಸಿಕೊಳ್ಳುತ್ತಾನೆ. ಆದರೆ ಅವನ ದಾಳಿಗೂ ಒಂದು ಲಯ ಇರುತ್ತೆ, ಆ ಲಯವನ್ನು ಕೆಳಗಿನವನು ಹಿಡಿದುಬಿಡುತ್ತಾನೆ. ಮುಂದಿನದು ಹೇಳಲ್ಲ, ನೋಡಿ.

ನನಗೆ ಮರೆಯೋಕೆ ಆಗದೇ ಇರೋದು ಸಬ್‌ಮರೀನ್ ಸಮುದ್ರದ ತಳದಲ್ಲಿ ಕೂತಿರುವ ಭಾಗ. ಮೇಲಿಂದ ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯೋ ಬಾಂಬ್, ಬೀಳುತ್ತಲೇ ಇರುತ್ತೆ. ಒಬ್ಬ ಹುಡುಗ ತಡೆಯಲಾರದೆ ಹುಚ್ಚು ಹಿಡಿದವನ ಹಾಗೆ ಆಡುತ್ತಾನೆ. ಕ್ಯಾಪ್ಟನ್ ಅವನನ್ನು ಮಾತಿನಲ್ಲೇ ಸಮಾಧಾನ ಮಾಡಿ, ಆಮೇಲೆ ಗ್ರಾಮಫೋನ್ ಪ್ಲೇಟ್ ಹಾಕಿಸುತ್ತಾನೆ. ಬೆವರಿಳಿಯುತ್ತಿರುವ ಅಷ್ಟೂ ಜನ ಗಂಟಲು ಬಿಚ್ಚಿ ಹಾಡುತ್ತಾರೆ. ಶತ್ರು ಅಂತ ಗೊತ್ತಿದ್ದೂ ಇವರು ಬದುಕಲಿ ಅಂತ ಮನಸ್ಸು ಬೇಡಿಕೊಳ್ಳುತ್ತೆ. ಸಿನಿಮಾ ಗೆದ್ದಿರೋದು ಅಲ್ಲೇ.

ಶಬ್ದದ ಕೆಲಸವಂತೂ ಅದ್ಭುತ. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು, ಅದು ಸಿಕ್ಕಿದ್ದು ಶಬ್ದ ನೋಡಿಕೊಂಡ ವಾಲ್ಟರ್ ರೊಸ್ಸಿ ಅವರಿಗೆ. ಜಯನಗರದ ನಮ್ಮನೆಯಲ್ಲಿ ಹಾಕಿದಾಗ, ಜಾಲಹಳ್ಳಿ ಬಿಇಎಲ್‌ನಿಂದ ರಿಟೈರ್ ಆಗಿರೋ ದೊಡ್ಡಪ್ಪ ಸೋನಾರ್ (ಸದ್ದು ಕಳಿಸಿ ನೀರೊಳಗಿರೋದನ್ನು ಪತ್ತೆ ಮಾಡೋ ಯಂತ್ರ) ಸದ್ದು ಬಂದಾಗಲೆಲ್ಲ ಕುರ್ಚಿಯ ತುದಿಗೆ ಬರುತ್ತಿದ್ದರು. "ಕಳಿಸಿದ ಸದ್ದಿಗೂ ತಿರುಗಿ ಬರೋ ಸದ್ದಿಗೂ ನಡುವಿನ ಹೊತ್ತು ಕಮ್ಮಿ ಆಗ್ತಿದೆ ನೋಡು, ಹತ್ತಿರ ಬಂದ ಅಂತ ಲೆಕ್ಕ" ಅಂತ ಅವರು ಹೇಳಿದ ಮೇಲೆ ನಾವೆಲ್ಲ ಕಣ್ಣಿಗಿಂತ ಕಿವಿ ಕೊಟ್ಟು ನೋಡಿದ್ದೇ ಜಾಸ್ತಿ. ಚಿತ್ರೀಕರಣವೂ ಯುಎಸ್ಎಸ್ ವೈಟ್‌ಹರ್ಸ್ಟ್ ಅನ್ನೋ ನಿಜವಾದ ಯುದ್ಧನೌಕೆಯಲ್ಲಿ ನಡೆದದ್ದು. ಮೂಲ ಕಾದಂಬರಿ ಬರೆದ ಡೆನಿಸ್ ರೇನರ್ ಅವರೂ ಯುದ್ಧದಲ್ಲಿ ಸಬ್‌ಮರೀನ್ ಬೇಟೆಗೆ ಹೋಗಿದ್ದ ಬ್ರಿಟಿಷ್ ನೌಕಾಪಡೆಯ ಅಧಿಕಾರಿ.

ಕೊರತೆ ಇಲ್ಲ ಅಂತಲ್ಲ. ಜರ್ಮನ್ನರೆಲ್ಲ ತಮ್ಮತಮ್ಮಲ್ಲೇ ಇಂಗ್ಲಿಷ್ ಮಾತಾಡೋದು ಕಿವಿಗೆ ಚುಚ್ಚುತ್ತೆ. ಕೊನೆ ಸ್ವಲ್ಪ ಜಾಸ್ತಿಯೇ ಸಭ್ಯ ಅನ್ನಿಸಿತು. ಇಷ್ಟೆಲ್ಲ ಹೊಡೆದಾಡಿದವರು ಅಷ್ಟು ಬೇಗ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಾರಾ?

ಇದು ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಗೆ ತೆಗೆದ ಸಿನಿಮಾ, ದಯವಿಟ್ಟು ಫೋನಿನಲ್ಲಿ ನೋಡಬೇಡಿ. ಪ್ಲಾಜಾ ಥಿಯೇಟರ್ ಇದ್ದ ಜಾಗದಲ್ಲಿ ಈಗ ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ ಇದೆ, ಹಾಗಾಗಿ ಮನೆಯ ದೊಡ್ಡ ಟಿವಿಯೇ ಗತಿ. ಒಳ್ಳೆ ಸ್ಪೀಕರ್ ಇರಲಿ. ಸಬ್‌ಟೈಟಲ್ ಕೂಡ ಹಾಕಿಕೊಳ್ಳಿ, ಮಿಚಮ್ ಮಾತು ಅರ್ಧ ಬಾಯೊಳಗೇ ಉಳಿಯುತ್ತೆ.