ಕಲ್ಸಂಕದ ಗಾಜಿನಂಗಡಿ: ಕನ್ನಡಿ ಕೆಲಸಕ್ಕೆ ನನ್ನ ಪೂರ್ಣ ಅಂಕ

ಉಡುಪಿಯ ಕಲ್ಸಂಕದ ಹತ್ತಿರ ಒಂದು ಗಾಜಿನ ಅಂಗಡಿ ಇದೆ. ಬೋರ್ಡ್ ಇಲ್ಲ, ಹೊರಗೆ ಒರಗಿಸಿಟ್ಟ ಗಾಜಿನ ಹಾಳೆಗಳೇ ಗುರುತು. ಕಿಟಕಿ ಗಾಜು, ಫೋಟೋ ಫ್ರೇಮ್, ಬಾತ್‌ರೂಮ್ ಕನ್ನಡಿ ಇವರ ದಿನದ ವ್ಯಾಪಾರ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವಳು. ನನಗೆ ಬೇಕಿದ್ದದ್ದು ಎದುರುಬದುರು ಕೂರಿಸಿದ ಎರಡು ಕನ್ನಡಿ, ನಡುವೆ ಎಲ್‌ಇಡಿ ಪಟ್ಟಿ. ಹಿಂದಿನದು ಪೂರ್ತಿ ಕನ್ನಡಿ, ಮುಂದಿನದು ಸ್ವಲ್ಪ ಬೆಳಕು ಹೊರಗೆ ಬಿಡುವಂಥದ್ದು. ದೀಪದ ಸಾಲು ಗೋಡೆಯೊಳಗೆ ಆಳಕ್ಕೆ ಹೋದಂತೆ ಕಾಣುತ್ತದಲ್ಲ, ಅದೇ.

ಬೇರೊಂದು ಕಡೆ ಕೇಳಿದಾಗ ಇಷ್ಟು ಸಣ್ಣ ಕೆಲಸ ಆಗುವುದಿಲ್ಲ ಎಂದಿದ್ದರು. ಇಲ್ಲಿ ಮಾಲೀಕರು ನನ್ನ ಚೀಟಿಯ ಚಿತ್ರ ನೋಡಿ, “ಇದು ಎಂತಕ್ಕೆ ಮೇಡಂ, ಶೋಕೇಸಿಗಾ?” ಎಂದು ಕೇಳಿದರು. ಬೆಳಕನ್ನು ಕಟ್ಟಿಹಾಕಿ ಮಕ್ಕಳಿಗೆ ತೋರಿಸಲಿಕ್ಕೆ ಎಂದೆ. “ಹಾಗಾದ್ರೆ ಎರಡೂ ಸಮ ಕೂರಬೇಕು” ಎಂದರು. ಆ ಮಾತಿಗೇ ನನಗೆ ನಂಬಿಕೆ ಬಂತು.

ಕಟರನ್ನು ಸೀಮೆಎಣ್ಣೆಗೆ ಅದ್ದಿ ಒಂದೇ ಎಳೆತ, ಮೇಜಿನ ಅಂಚಿಗಿಟ್ಟು ಒಂದೇ ಒತ್ತು. ಚಕ್ಕೆ ಏಳಲಿಲ್ಲ. ಮುಂದಿನ ಗಾಜಿಗೆ ಸೋಪಿನ ನೀರು ಚಿಮುಕಿಸಿ, ಕಾರಿಗೆ ಹಾಕುವ ಹೊಳಪಿನ ಫಿಲ್ಮ್ ಅಂಟಿಸಿ, ರಬ್ಬರ್ ಪಟ್ಟಿಯಿಂದ ಗುಳ್ಳೆಗಳನ್ನೆಲ್ಲ ಅಂಚಿಗೆ ತಳ್ಳಿದರು. ಅಲ್ಯುಮಿನಿಯಂ ಚೌಕಟ್ಟಿಗೆ ಕೂರಿಸಿ ದೀಪ ಹಾಕಿದರೆ, ಸಾಲು ಎಡಕ್ಕೆ ಬಾಗಿತ್ತು. ಅವರು ನಾಲ್ಕೂ ಮೂಲೆ ಬೆರಳಿನಿಂದ ಒತ್ತಿ ನೋಡಿ, ಹಳೆಯ ಕ್ಯಾಲೆಂಡರಿನ ಕಾಗದ ಮಡಚಿ ಒಂದು ಮೂಲೆಗೆ ಸಿಕ್ಕಿಸಿದರು. ಸಾಲು ನೆಟ್ಟಗಾಯಿತು! ಬೆಳಕು ಹೋಗಿ ಬಂದಷ್ಟೂ ಸಲ ಆ ಕಾಗದದಷ್ಟು ಓರೆ ಸೇರುತ್ತಾ ಹೋಗುತ್ತದೆ. ಸಾಲು ಬಾಗಿದ್ದು ಅದಕ್ಕೇ.

ಒಳಗಿನ ದೀಪಗಳು ಮಂಕಾಗುತ್ತಾ ಹಸಿರಿಗೆ ತಿರುಗುತ್ತವೆ. ಇದು ಅಂಗಡಿಯ ದೋಷ ಅಲ್ಲ. ಸಾಮಾನ್ಯ ಗಾಜಿನಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇರುತ್ತದೆ, ಅದು ಕೆಂಪನ್ನು ಜಾಸ್ತಿ ನುಂಗುತ್ತದೆ. ಮನೆಯ ಕನ್ನಡಿ ನೂರರಲ್ಲಿ ಸುಮಾರು 90 ಪಾಲು ಬೆಳಕು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. 50 ಸಲ ಬಡಿದ ಮೇಲೆ ಉಳಿಯುವುದು 200ರಲ್ಲಿ ಒಂದು ಪಾಲು. ಪ್ಯಾರಿಸ್‌ನಲ್ಲಿ ಭೌತವಿಜ್ಞಾನಿ ಸರ್ಜ್ ಹರೋಶ್ ಅವರ ತಂಡ 27 ಮಿಲಿಮೀಟರ್ ಅಂತರದಲ್ಲಿಟ್ಟ ಸೂಪರ್‌ಕಂಡಕ್ಟರ್ (ತೀರಾ ತಂಪಿನಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಒಡ್ಡದ ವಸ್ತು) ಕನ್ನಡಿಗಳ ನಡುವೆ ಮೈಕ್ರೋವೇವ್ ಫೋಟಾನ್, ಅಂದರೆ ಆ ಅಲೆಯ ಒಂದು ಕಣ, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಉಳಿಯುತ್ತಿತ್ತು. ಅಷ್ಟರಲ್ಲಿ ಅದು ನೂರು ಕೋಟಿಗೂ ಹೆಚ್ಚು ಸಲ ಬಡಿದು, ಭೂಮಿಯ ಸುತ್ತಳತೆಯಷ್ಟು ದೂರ ಓಡಿರುತ್ತದೆ. ಹರೋಶ್ ಅವರಿಗೆ 2012ರಲ್ಲಿ ನೊಬೆಲ್ ಬಂತು.

ನಾನು ಈ ಪೆಟ್ಟಿಗೆ ಮಾಡಿಸಿದ್ದು ಇದರ ಮುಂದಿನ ವಿಷಯಕ್ಕೆ. ರುಬಿಡಿಯಂ ಎಂಬ ಲೋಹದ ಪರಮಾಣುಗಳನ್ನು ಸೊನ್ನೆ ಕೆಲ್ವಿನ್‌ಗೆ (ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ತೀರಾ ಹತ್ತಿರ ತಂಪು ಮಾಡಿದರೆ ಅವು ಹೆಚ್ಚುಕಡಿಮೆ ನಿಂತುಬಿಡುತ್ತವೆ. ಆಗಲೂ ಒಂದಕ್ಕೊಂದು ತಾಗಿದರೆ ಮಾತ್ರ ಪರಿಚಯ, ದೂರದ್ದರ ಗೊಡವೆ ಇಲ್ಲ. ಅವನ್ನು ಒಳ್ಳೆಯ ಕನ್ನಡಿಗಳ ನಡುವೆ ಇಟ್ಟು, ಪಕ್ಕದಿಂದ ಲೇಸರ್ ಬಿಡಿ. ಒಂದು ಪರಮಾಣು ಚದುರಿಸಿದ ಬೆಳಕು ಕನ್ನಡಿಗಳ ನಡುವೆ ಸಿಕ್ಕಿಕೊಂಡು ಇಡೀ ಜಾಗ ತುಂಬುತ್ತದೆ, ಉಳಿದ ಎಲ್ಲ ಪರಮಾಣುಗಳಿಗೂ ತಟ್ಟುತ್ತದೆ. ರಥದ ಹಗ್ಗ ಹಿಡಿದವರಿಗೆ ಮುಂದೆ ಯಾರು, ಹಿಂದೆ ಯಾರು ಗೊತ್ತಿರುವುದಿಲ್ಲ, ಆದರೆ ಎಲ್ಲರ ಎಳೆತವೂ ಕೈಗೆ ತಿಳಿಯುತ್ತದಲ್ವಾ? ಇಲ್ಲಿ ಆ ಹಗ್ಗವೇ ಬೆಳಕು.

ಲೇಸರ್ ಮಂದವಾಗಿದ್ದಾಗ ಏನೂ ಆಗುವುದಿಲ್ಲ. ಪರಮಾಣುಗಳು ಹರಡಿಕೊಂಡಿರುತ್ತವೆ, ಅವು ಚದುರಿಸಿದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಮಿತಿ ದಾಟಿದ ಕೂಡಲೇ ಕನ್ನಡಿಗಳ ನಡುವೆ ಬೆಳಕು ತುಂಬುತ್ತದೆ. ಆ ಬೆಳಕೂ ಪಕ್ಕದ ಲೇಸರೂ ಕೂಡಿ ಸಾಲು ಸಾಲು ಗುಳಿ ಮಾಡುತ್ತವೆ, ಪರಮಾಣುಗಳು ಗುಳಿಗೆ ಇಳಿಯುತ್ತವೆ, ಇಳಿದಷ್ಟೂ ಒಟ್ಟಾಗಿ ಜಾಸ್ತಿ ಬೆಳಕು ಚದುರಿಸುತ್ತವೆ, ಗುಳಿ ಇನ್ನೂ ಆಳ ಆಗುತ್ತದೆ. ಕೊನೆಗೆ ಚದುರಂಗದ ಮಣೆಯಲ್ಲಿ ಕಪ್ಪು ಮನೆಗಳಲ್ಲೇ, ಇಲ್ಲವೇ ಬಿಳಿ ಮನೆಗಳಲ್ಲೇ ಕೂತಂತೆ ವ್ಯವಸ್ಥೆ. ಎರಡರಲ್ಲಿ ಯಾವುದು ಎಂದು ಹೊರಗಿನವರು ಯಾರೂ ಹೇಳಿಕೊಡುವುದಿಲ್ಲ. ಹೀಗಾಗಬೇಕು ಎಂದು 2002ರಲ್ಲೇ ಭೌತವಿಜ್ಞಾನಿಗಳಾದ ಡೊಮೊಕೋಶ್ ಮತ್ತು ರಿಟ್ಶ್ ಲೆಕ್ಕ ಹಾಕಿದ್ದರು. ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ (ತೀರಾ ತಂಪಾಗಿ ಒಂದೇ ಅಲೆಯಂತೆ ವರ್ತಿಸುವ ಪರಮಾಣುಗಳ ಗುಂಪು) ಇಟ್ಟು ಮಾಡಿ ತೋರಿಸಿದ್ದು ಜ್ಯೂರಿಕ್‌ನ ಎಸ್ಲಿಂಗರ್ ತಂಡ, 2010ರಲ್ಲಿ.

ನನಗೆ ತುಂಬಾ ಇಷ್ಟವಾಗುವುದು ಸೋರುವ ಬೆಳಕು. ಪೆಟ್ಟಿಗೆಯ ಮುಂದಿನ ಗಾಜು ಪೂರ್ತಿ ಕನ್ನಡಿಯಾಗಿದ್ದರೆ ಒಳಗಿನ ಸಾಲು ನಮಗೆ ಕಾಣುತ್ತಲೇ ಇರಲಿಲ್ಲ. ಲ್ಯಾಬಿನಲ್ಲೂ ಕನ್ನಡಿಯಿಂದ ಸೋರಿ ಬಂದ ಚೂರು ಬೆಳಕನ್ನು ಹಿಡಿದೇ, ಪರಮಾಣುಗಳು ಸಾಲಾಗಿ ನಿಂತ ಗಳಿಗೆಯನ್ನು ತಿಳಿಯುತ್ತಾರೆ. ಕಪ್ಪು ಮನೆಯೋ ಬಿಳಿ ಮನೆಯೋ ಎಂಬುದನ್ನೂ ಆ ಬೆಳಕಿನ ಅಲೆಯೇ ಹೇಳುತ್ತದೆ. ಇದನ್ನು ಹೇಳುವಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ಫಿಲ್ಮಿಗೆ ಮೂಗು ತಾಗಿಸಿ ನೋಡಿದಳು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ತಂಪು ಪರಮಾಣುಗಳನ್ನು ಕನ್ನಡಿಗಳ ನಡುವೆ ಇಟ್ಟು ಪ್ರಯೋಗ ಮಾಡುತ್ತಾರೆ ಎಂದಾಗ, ಅಲ್ಲಿಗೆ ಸೇರಲು ಏನು ಓದಬೇಕು ಎಂದು ಕೇಳಿದಳು.

ಮತ್ತೆ ಅಂಗಡಿಯ ವಿಷಯ. ಒಂದಡಿ ಚದರದ ಎರಡು ತುಂಡು, ಫಿಲ್ಮ್, ಚೌಕಟ್ಟು, ಕೂಲಿ ಎಲ್ಲ ಸೇರಿ 750 ರೂಪಾಯಿ ಆಯಿತು. ಎಲ್‌ಇಡಿ ಪಟ್ಟಿ ನಾನೇ ಒಯ್ದಿದ್ದೆ. ಅಂಚು ತಿಕ್ಕಿದ್ದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಲೇಸರ್ ಪ್ರಯೋಗಕ್ಕೆ ಬೇಕಾದ, ಮುಂಭಾಗಕ್ಕೇ ಲೇಪ ಹಾಕಿದ ಕನ್ನಡಿ ಇಲ್ಲಿ ಸಿಗುವುದಿಲ್ಲ, ಅದನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ಇಲ್ಲಿಯದರಲ್ಲಿ ಲೇಪ ಗಾಜಿನ ಹಿಂದೆ ಇರುವುದರಿಂದ ಲೇಸರ್ ಚುಕ್ಕಿ ಎರಡೆರಡು ಕಾಣುತ್ತದೆ. ಶಾಲೆ ಕಾಲೇಜಿನ ಮಾದರಿಗಾದರೆ ಸುಮ್ನೆ ಯೋಚನೆ ಮಾಡದೆ ಇಲ್ಲಿಗೇ ಹೋಗಿ. ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ, ಫಿಲ್ಮ್ ಒಣಗಲು ಒಂದು ದಿನ ಅಲ್ಲೇ ಬಿಡಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.