ಸ್ಮಾರ್ಟ್, ಆರ್‌ಇಡಬ್ಲ್ಯೂ, ಓಪನ್ ಸೌಂಡ್ ಮೀಟರ್: ಒಂದೇ ಸಿಸ್ಟಮ್ ಮೇಲೆ ಮೂರನ್ನೂ ನೋಡಿದೆ

ಕಾರ್ಯಕ್ರಮಗಳ ಸೌಂಡ್ ಸಿಸ್ಟಮ್ ಅಳೆದು ಹೊಂದಿಸಲು ಮೊದಮೊದಲು ನಾನು ನಂಬಿದ್ದು ಫೋನಿನ ಆರ್‌ಟಿಎ ಆ್ಯಪ್ ಅನ್ನು. ಯಾವ ಫ್ರೀಕ್ವೆನ್ಸಿ ಎಷ್ಟು ಜೋರಾಗಿದೆ ಅಂತ ಅದು ಗೆರೆಯಲ್ಲಿ ತೋರಿಸುತ್ತದೆ. ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳೂ ಇರುವ ಪರೀಕ್ಷೆಯ ಸದ್ದು) ಬಿಡುವುದು, ಫೋನ್ ಎತ್ತಿ ಹಿಡಿಯುವುದು, ಗೆರೆಯಲ್ಲಿ ಹಳ್ಳ ಕಂಡಲ್ಲಿ ಈಕ್ಯೂ (ಬೇಕಾದ ಫ್ರೀಕ್ವೆನ್ಸಿಯನ್ನು ಏರಿಸಿ ಇಳಿಸುವ ಸಾಧನ) ಏರಿಸುವುದು. ಅಷ್ಟೇ ಕೆಲಸ. ಒಂದು ಕಾರ್ಯಕ್ರಮದಲ್ಲಿ 100 ಹರ್ಟ್ಸ್ ಸುತ್ತ ದೊಡ್ಡ ಹಳ್ಳ ಕಾಣಿಸಿತು. 6 ಡಿಬಿ ಏರಿಸಿದೆ. ಹಳ್ಳ ಜಗ್ಗಲಿಲ್ಲ. ಆಂಪ್‌ನ ಲಿಮಿಟರ್ ದೀಪ (ಮಿತಿ ಮುಟ್ಟಿತು ಅನ್ನುವ ಎಚ್ಚರಿಕೆ) ಮಾತ್ರ ಮಿನುಗತೊಡಗಿತು.

ಆಮೇಲೆ ಅದೇ ಬಾಕ್ಸ್‌ಗಳನ್ನು ಖಾಲಿ ಹಾಲ್‌ನಲ್ಲಿ ಅದೇ ಥರ ಜೋಡಿಸಿ, ಓಪನ್ ಸೌಂಡ್ ಮೀಟರ್, ಸ್ಮಾರ್ಟ್, ಆರ್‌ಇಡಬ್ಲ್ಯೂ (ರೂಮ್ ಈಕ್ಯೂ ವಿಝರ್ಡ್) ಎಂಬ ಮೂರು ಶಬ್ದ ಅಳೆಯುವ ಸಾಫ್ಟ್‌ವೇರ್‌ಗಳಿಂದ ಅಳೆದು ನೋಡಿದೆ. ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಇಂಟರ್‌ಫೇಸ್ (ಶಬ್ದದ ಸಿಗ್ನಲ್ ಅನ್ನು ಲ್ಯಾಪ್‌ಟಾಪ್‌ಗೆ ತಲುಪಿಸುವ ಪೆಟ್ಟಿಗೆ), ಮೆಷರ್‌ಮೆಂಟ್ ಮೈಕ್ ಎಲ್ಲಕ್ಕೂ ಒಂದೇ.

ಶುರು ಮಾಡಿದ್ದು ಓಪನ್ ಸೌಂಡ್ ಮೀಟರ್‌ನಿಂದ. ಉಚಿತ, ಓಪನ್ ಸೋರ್ಸ್, ಲಿನಕ್ಸ್‌ನಲ್ಲೂ ನಡೆಯುತ್ತದೆ. ಇದು ಎರಡು ಚಾನೆಲ್‌ನ ಅಳತೆ. ಮಿಕ್ಸರ್‌ನಿಂದ ಹೊರಟ ಸಿಗ್ನಲ್ ಒಂದು ಇನ್‌ಪುಟ್‌ಗೆ, ಮೈಕ್ ಇನ್ನೊಂದಕ್ಕೆ. ಹೋದದ್ದೇನು, ಬಂದದ್ದೇನು ಅಂತ ತಾಳೆ ಹಾಕುತ್ತದೆ. ಫೋನಿನ ಆ್ಯಪ್‌ಗೆ ಈ ತಾಳೆಯೇ ಇಲ್ಲ. ಬೇಸ್ ಜಾಸ್ತಿ ಇರುವುದು ಹಾಡಿನಲ್ಲೋ ಸ್ಪೀಕರ್‌ನಲ್ಲೋ ಅದಕ್ಕೆ ಗೊತ್ತಾಗುವುದಿಲ್ಲ.

ಟಾಪ್ (ಬೇಸ್‌ಗಿಂತ ಮೇಲಿನ ಸ್ವರಗಳ ಬಾಕ್ಸ್) ಒಂದನ್ನೇ ಅಳೆದು ಗೆರೆ ಉಳಿಸಿಕೊಂಡೆ. ಆಮೇಲೆ ಸಬ್ (ಬೇಸ್ ಬಾಕ್ಸ್) ಮಾತ್ರ. ಎರಡರ ಫೇಸ್ ಗೆರೆಗಳನ್ನು (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅಂತ ತೋರಿಸುವ ಗೆರೆ) ಒಂದರ ಮೇಲೊಂದು ಇಟ್ಟರೆ 100 ಹರ್ಟ್ಸ್ ಹತ್ತಿರ ಹೆಚ್ಚುಕಡಿಮೆ 180 ಡಿಗ್ರಿ ವ್ಯತ್ಯಾಸ! ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ಈಕ್ಯೂ ಎರಡನ್ನೂ ಒಟ್ಟಿಗೆ ಏರಿಸುತ್ತದೆ, ಜಗಳವೂ ಅಷ್ಟೇ ಜೋರಾಗುತ್ತದೆ. ಹಳ್ಳ ತುಂಬುವುದಾದರೂ ಹೇಗೆ? ಸಬ್‌ಗಳು ಟಾಪ್‌ಗಿಂತ ಸುಮಾರು 1.7 ಮೀಟರ್ ಮುಂದಿದ್ದವು. ಶಬ್ದಕ್ಕೆ ಅದು 5 ಮಿಲಿಸೆಕೆಂಡಿನ ದಾರಿ, 100 ಹರ್ಟ್ಸ್‌ಗೆ ಸರಿಯಾಗಿ ಅರ್ಧ ಅಲೆ. ಸಬ್‌ಗೆ ಹೋಗುವ ಸಿಗ್ನಲ್‌ಗೆ 5 ಮಿಲಿಸೆಕೆಂಡ್ ಡಿಲೇ (ತಡ) ಕೊಟ್ಟೆ. ಈಕ್ಯೂ ಮುಟ್ಟದೆಯೇ ಹಳ್ಳ ಮುಚ್ಚಿತು.

ಇಲ್ಲಿ ಒಂದು ಕಡೆ ಎಡವಿದ್ದೆ. ಮೊದಲ ಸಲ ಸಬ್‌ಗೊಮ್ಮೆ, ಟಾಪ್‌ಗೊಮ್ಮೆ ಬೇರೆ ಬೇರೆಯಾಗಿ ಡಿಲೇ (ಇಲ್ಲಿ, ಶಬ್ದ ಮೈಕ್‌ಗೆ ಬರಲು ಹಿಡಿದ ಸಮಯ) ಹುಡುಕಿಸಿಬಿಟ್ಟೆ. ಸಾಫ್ಟ್‌ವೇರ್ ಪಾಪ ಎರಡನ್ನೂ ಸೊನ್ನೆಗೆ ತಂದಿತು, ವ್ಯತ್ಯಾಸವೇ ಮಾಯ. ಟಾಪ್‌ಗೆ ಸಿಕ್ಕ ಡಿಲೇಯನ್ನು ಬದಲಿಸದೆ ಸಬ್ ಅಳೆಯಬೇಕು.

ಸ್ಮಾರ್ಟ್ (ಇಂಗ್ಲಿಷಿನಲ್ಲಿ ಎರಡು ‘ಎ’ ಹಾಕಿ ಬರೆಯುತ್ತಾರೆ) ಮಾಡುವುದೂ ಇದನ್ನೇ. ಗೆರೆಗಳೂ ಬಹುತೇಕ ಒಂದೇ ಬಂದವು. ಹಾಗಿದ್ದರೆ ದುಡ್ಡು ಕೊಟ್ಟು ಏಕೆ ತಗೋಬೇಕು? ಕೈಗೆ ಸಿಗುವ ವೇಗಕ್ಕೆ. 1990ರ ದಶಕದಿಂದ ಬೆಳೆದು ಬಂದ ಸಾಫ್ಟ್‌ವೇರ್ ಅದು. ಕೀಬೋರ್ಡ್ ಬಿಟ್ಟು ಕೈ ಎತ್ತಬೇಕಿಲ್ಲ. ನಾಲ್ಕು ಮೈಕ್ ಇಟ್ಟರೆ ನಾಲ್ಕೂ ಗೆರೆ ಒಟ್ಟಿಗೆ ಓಡುತ್ತವೆ, ಸರಾಸರಿಯೂ ಆಗಲೇ ಬರುತ್ತದೆ. ಸೌಂಡ್‌ಚೆಕ್‌ಗೆ 20 ನಿಮಿಷ ಸಿಕ್ಕಿದಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದೇ ಮೈಕ್ ಇರುವವರು ಸುಮ್ನೆ ಖರ್ಚು ಮಾಡುವುದು ಬೇಡ ಅನ್ನುತ್ತೇನೆ.

ಅಳತೆಯನ್ನು ಎಷ್ಟು ನಂಬಬಹುದು ಅಂತ ತೋರಿಸುವ ಕೊಹೆರೆನ್ಸ್ ಗೆರೆ ಈ ಎರಡು ಸಾಫ್ಟ್‌ವೇರ್‌ಗಳಲ್ಲೂ ಇದೆ. ಅದನ್ನು ನೋಡದೆ ಈಕ್ಯೂಗೆ ಕೈ ಹಾಕಬೇಡಿ. ಅದು ಕುಸಿದ ಕಡೆ ಕಾಣುವ ಹಳ್ಳ ಗೋಡೆಯಿಂದ ವಾಪಸ್ ಬಂದ ಶಬ್ದದ್ದೋ, ಗದ್ದಲದ್ದೋ ಆಗಿರಬಹುದು. ಮೈಕ್ ಒಂದು ಹೆಜ್ಜೆ ಸರಿಸಿದರೆ ಹಳ್ಳವೂ ಜಾಗ ಬದಲಿಸುತ್ತದೆ.

ಆರ್‌ಇಡಬ್ಲ್ಯೂ ದಾರಿ ಬೇರೆ. ಅದರ ಮುಖ್ಯ ಆಯುಧ ಸ್ವೀಪ್: ಕೆಳಗಿನಿಂದ ಮೇಲಕ್ಕೆ ಊಯ್ ಎಂದು ಏರುವ ಒಂದು ಸ್ವರ. ಇದೂ ಉಚಿತ. ಹಾಲ್‌ನಲ್ಲಿ ಶಬ್ದ ಎಷ್ಟು ಹೊತ್ತು ಉಳಿಯುತ್ತದೆ, ಯಾವ ಬೇಸ್ ಸ್ವರ ಗುಂಯ್‌ಗುಡುತ್ತದೆ ಅನ್ನುವುದನ್ನು ವಾಟರ್‌ಫಾಲ್ ಚಿತ್ರದಲ್ಲಿ ಇಷ್ಟು ಚೆನ್ನಾಗಿ ನಾನು ಬೇರೆಲ್ಲೂ ನೋಡಿಲ್ಲ. ಯುಎಸ್‌ಬಿ ಮೈಕ್ ಇರುವವರಿಗೂ ಇದೇ ಅನುಕೂಲ. ಆ ಮೈಕ್‌ನ ಗಡಿಯಾರ ಬೇರೆ, ಇಂಟರ್‌ಫೇಸ್‌ನದು ಬೇರೆ, ಹಾಗಾಗಿ ಎರಡು ಚಾನೆಲ್ ತಾಳೆ ಕೈಕೊಡುತ್ತದೆ. ಆರ್‌ಇಡಬ್ಲ್ಯೂ ಒಂದು ಸ್ಪೀಕರ್‌ನಿಂದ ಚಿಲಿಪಿಲಿ ಸದ್ದು ಬಿಟ್ಟು ಸಮಯದ ಗುರುತು ಹಿಡಿಯುತ್ತದೆ. ಆದರೆ ಜನ ಕೂತ ಮೇಲೆ ಸ್ವೀಪ್ ಬಿಡಲು ಆಗುತ್ತದಾ?

ಬಯಲಿನ ಒಂದು ಕಾರ್ಯಕ್ರಮದಲ್ಲಿ ಇದು ಅನುಭವಕ್ಕೆ ಬಂತು. 50 ಮೀಟರ್ ದೂರದ ಡಿಲೇ ಸ್ಪೀಕರ್‌ಗಳನ್ನು (ದೂರದ ಜನರಿಗಾಗಿ ಇಟ್ಟು, ಮುಖ್ಯ ಸ್ಪೀಕರ್‌ನ ಸದ್ದಿಗೆ ಹೊಂದುವಂತೆ ತಡಮಾಡಿದವು) ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ ಹೊಂದಿಸಿದ್ದೆ. ರಾತ್ರಿ 20 ಡಿಗ್ರಿಗೆ ಇಳಿಯಿತು. ತಣ್ಣನೆ ಗಾಳಿಯಲ್ಲಿ ಶಬ್ದ ನಿಧಾನ, ಮುಖ್ಯ ಸ್ಪೀಕರ್‌ನ ಸದ್ದು ಅಲ್ಲಿಗೆ ಸುಮಾರು 2.5 ಮಿಲಿಸೆಕೆಂಡ್ ತಡವಾಗಿ ಬರುತ್ತಿತ್ತು. ಓಪನ್ ಸೌಂಡ್ ಮೀಟರ್ ತೆರೆದು, ನಡೆಯುತ್ತಿದ್ದ ಹಾಡಿನ ಮೇಲೆಯೇ ಅಳೆದು, ಡಿಲೇ ಅಷ್ಟು ಹೆಚ್ಚಿಸಿದೆ. ಯಾರೂ ತಿರುಗಿ ನೋಡಲಿಲ್ಲ.

ಫೋನಿನ ಆ್ಯಪ್ ಈಗಲೂ ಇದೆ. ವೇದಿಕೆಯ ಮಾನಿಟರ್ ಸ್ಪೀಕರ್ ಕುಂಯ್ ಅಂದಾಗ ಯಾವ ಫ್ರೀಕ್ವೆನ್ಸಿ ಅಂತ ನೋಡಲು ಬಳಸುತ್ತೇನೆ.